ಬೆನ್ನಿಗೆ ಹಾಕುವ ತೂತು ಸಣ್ಣದಾಗಿದ್ದು ಹೇಗೆ: ಓದುಗರ ಪತ್ರಗಳಿಗೆ ಸರ್ಜನ್ ಉತ್ತರ

ಹೋದ ಸಂಚಿಕೆಯಲ್ಲಿ ಸೊಂಟದಿಂದ ಕಾಲಿಗಿಳಿಯುವ ನೋವಿನ ಬಗ್ಗೆ ಬರೆದಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ನೋವಿನ ಬಗ್ಗೆ ಅಲ್ಲ, ಆಪರೇಷನ್ನಿನ ಬಗ್ಗೆ. ಅದರಲ್ಲೂ ‘ಕೀಹೋಲ್’, ‘ಲೇಸರ್’, ‘ಎಂಡೋಸ್ಕೋಪಿ’, ‘ಹೊಲಿಗೆಯೇ ಇಲ್ಲದ್ದು’ ಎನ್ನುವ ಮಾತುಗಳೇ ಮತ್ತೆ ಮತ್ತೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಹೆಸರು ಬಿಟ್ಟು, ಪ್ರಶ್ನೆಗಳನ್ನು ಚಿಕ್ಕದು ಮಾಡಿ ಕೊಟ್ಟಿದ್ದೇನೆ. ಸ್ಕ್ಯಾನಿನ ಫೋಟೊ ಕಳಿಸಿದವರು ಬೇಸರ ಮಾಡಿಕೊಳ್ಳಬೇಡಿ. ಕೈಯಿಂದ ಕಾಲನ್ನು ಮುಟ್ಟಿ ನೋಡದೆ, ಫೋನಿನಲ್ಲಿ ಬಂದ ಎರಡು ಫಿಲ್ಮ್ ನೋಡಿ ತೀರ್ಪು ಕೊಡುವವನಲ್ಲ ನಾನು.

ಪ್ರಶ್ನೆ: 1986ರಲ್ಲಿ ನಮ್ಮ ತಂದೆಗೆ ಡಿಸ್ಕ್ ಆಪರೇಷನ್ ಆಗಿತ್ತು. ಬೆನ್ನ ಮೇಲೆ ಗೇಣುದ್ದದ ಕಲೆ ಇದೆ, ಮೂರು ವಾರ ಆಸ್ಪತ್ರೆಯಲ್ಲೇ ಮಲಗಿದ್ದರು. ಈಗ ನನಗೂ ಅದೇ ಕಾಯಿಲೆ, ಅದೇ ಜಾಗ. ಡಾಕ್ಟರು ‘ಎರಡು ಸೆಂಟಿಮೀಟರ್ ತೂತು ಸಾಕು, ಮಾರನೇ ದಿನ ಮನೆಗೆ ಹೋಗಿ’ ಅನ್ನುತ್ತಾರೆ. ಅಪ್ಪ ನಂಬುತ್ತಿಲ್ಲ. ಅಷ್ಟು ಸಣ್ಣ ತೂತಿನಲ್ಲಿ ಪೂರ್ತಿ ಕೆಲಸ ಆಗುತ್ತದೆಯೇ? (ತಿಪಟೂರು)

ಆಗುತ್ತದೆ. ಒಳಗಿನ ಕೆಲಸ ಅಂದಿನದ್ದೂ ಇಂದಿನದ್ದೂ ಒಂದೇ. ಎರಡು ಮೂಳೆಗಳ ನಡುವಿನ ಡಿಸ್ಕಿನ ತಿರುಳು, ಅದರ ಹಿಂದಿನ ಪದರ ಹರಿದುಕೊಂಡು ಹೊರಬಂದು ನರವನ್ನು ಒತ್ತುತ್ತಿದೆ. ಆ ಚೂರನ್ನು ತೆಗೆಯಬೇಕು. ತೆಗೆದದ್ದನ್ನು ತಕ್ಕಡಿಗೆ ಹಾಕಿದರೆ ಒಂದೆರಡು ಗ್ರಾಂ ತೂಗಿದರೆ ಹೆಚ್ಚು. ಇಷ್ಟಕ್ಕೆ ಗೇಣುದ್ದ ಯಾಕೆ ಕೊಯ್ಯುತ್ತಿದ್ದರು ಎಂದು ನಿಮ್ಮ ತಂದೆಯವರು ಕೇಳಬೇಕಿತ್ತು.

ಕಾರಣ ಎರಡು. ಚೂರು ಇಂಥಲ್ಲೇ ಇದೆ ಎಂಬ ಖಾತ್ರಿ ಇರಲಿಲ್ಲ. ಕೊಯ್ದ ಮೇಲೆ ಆ ಆಳದಲ್ಲಿ ಬೆಳಕೂ ಇರಲಿಲ್ಲ.

ಡಿಸ್ಕ್ ಹೊರಬಂದು ಕಾಲುನೋವು ಬರುತ್ತದೆ ಎಂದು ವೈದ್ಯಲೋಕ ಒಪ್ಪಿಕೊಂಡದ್ದೇ 1934ರಿಂದ ಈಚೆಗೆ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ನರಶಸ್ತ್ರಜ್ಞ ವಿಲಿಯಂ ಜೇಸನ್ ಮಿಕ್ಸ್ಟರ್ ಮತ್ತು ಮೂಳೆ ವೈದ್ಯ ಜೋಸೆಫ್ ಬಾರ್ ಆ ವರ್ಷ ಪ್ರಕಟಿಸಿದ ಲೇಖನವೇ ನಮ್ಮ ಕಸುಬಿನ ಮೂಲ ದಾಖಲೆ. ಅದಕ್ಕೂ ಮೊದಲು ಬೆನ್ನಿನಲ್ಲಿ ಇಂಥ ಚೂರು ಸಿಕ್ಕರೆ ‘ಕಾಂಡ್ರೋಮಾ’, ಅಂದರೆ ಮೆತ್ತೆಲುಬಿನ ಗಡ್ಡೆ, ಎಂದು ಬರೆದಿಡುತ್ತಿದ್ದರು. ಇವರಿಬ್ಬರೂ ಹಾಗೆ ಎತ್ತಿಟ್ಟ ಹಳೆಯ ಮಾದರಿಗಳನ್ನು ತೆಗೆಸಿ ಸೂಕ್ಷ್ಮದರ್ಶಕದಲ್ಲಿ ಮತ್ತೆ ನೋಡಿದರು. ಬಹಳಷ್ಟು ಗಡ್ಡೆಯೇ ಅಲ್ಲ, ಡಿಸ್ಕಿನ ಚೂರು!

ಕಾಯಿಲೆ ಗೊತ್ತಾಯಿತು, ಜಾಗ ಹುಡುಕುವುದು ಮಾತ್ರ ಸುಲಭವಾಗಲಿಲ್ಲ. ನಾನು ಪಿ.ಜಿ. ಮಾಡುವಾಗ ನಮ್ಮ ಆಸ್ಪತ್ರೆಯಲ್ಲಿ ಎಂ.ಆರ್.ಐ. ಇರಲಿಲ್ಲ, ಮೈಲೋಗ್ರಾಂ ಇತ್ತು. ಸೊಂಟಕ್ಕೆ ಸೂಜಿ ಚುಚ್ಚಿ ಮೈಯೋಡಿಲ್ ಎಂಬ ಎಣ್ಣೆ ಜಾತಿಯ ಮದ್ದನ್ನು ಬೆನ್ನುನೀರಿಗೆ ಬಿಡಬೇಕು. ರೋಗಿಯನ್ನು ಮೇಜಿಗೆ ಬೆಲ್ಟಿನಿಂದ ಬಿಗಿದು, ಒಮ್ಮೆ ತಲೆ ಮೇಲೆ ಮಾಡಿ, ಒಮ್ಮೆ ಕಾಲು ಮೇಲೆ ಮಾಡಿ, ಮೇಜನ್ನು ಓಲಿಸುತ್ತ ಎಕ್ಸ್-ರೇ ಹೊಡೆಯಬೇಕು. ಎಣ್ಣೆ ಎಲ್ಲಿ ತಡೆದು ನಿಂತಿತೋ ಅಲ್ಲಿ ಏನೋ ಒತ್ತುತ್ತಿದೆ ಎಂದು ಲೆಕ್ಕ. ಕೊನೆಗೆ ಅದೇ ಸೂಜಿಯಲ್ಲಿ ಎಣ್ಣೆಯನ್ನು ಹೊರಗೆ ಎಳೆಯುವ ಸರ್ಕಸ್ಸು. ಒಳಗೆ ಉಳಿದುಕೊಂಡ ಎಣ್ಣೆಯಿಂದ ನರಗಳು ಒಂದಕ್ಕೊಂದು ಅಂಟಿ ಹೊಸ ನೋವು ಶುರುವಾದವರೂ ಇದ್ದರು. ಇಷ್ಟೆಲ್ಲ ಮಾಡಿಯೂ ಸಿಗುತ್ತಿದ್ದದ್ದು ಅಂದಾಜು. ಆದ್ದರಿಂದ ಮೇಲಿನದೊಂದು, ಕೆಳಗಿನದೊಂದು ಮಟ್ಟವನ್ನೂ ಬಿಚ್ಚಿ ನೋಡುವುದೇ ಕ್ಷೇಮ ಎನ್ನುವುದು ಆಗಿನ ಸರ್ಜನ್‌ಗಳ ತರ್ಕ. ತಪ್ಪು ಎನ್ನಲಾರೆ.

ಆದರೆ ಬಿಚ್ಚುವುದೆಂದರೆ ಚರ್ಮ ಕೊಯ್ಯುವುದಷ್ಟೇ ಅಲ್ಲ. ಬೆನ್ನೆಲುಬಿನ ಎರಡೂ ಕಡೆ ಮಲ್ಟಿಫಿಡಸ್ ಎಂಬ ಸ್ನಾಯು ಮೂಳೆಗೆ ಅಂಟಿಕೊಂಡಿರುತ್ತದೆ. ಅದನ್ನು ಉಳಿಯಂಥ ಸಲಕರಣೆಯಿಂದ ಕೆರೆದು ಬಿಡಿಸಿ, ಹಲ್ಲಿರುವ ಕಬ್ಬಿಣದ ರಿಟ್ರಾಕ್ಟರ್ ಹಾಕಿ, ಒಂದೆರಡು ಗಂಟೆ ಅಗಲಿಸಿ ಹಿಡಿಯುತ್ತಿದ್ದರು. ಅಷ್ಟು ಹೊತ್ತು ಸ್ನಾಯುವಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ. ನರದ ಒತ್ತಡ ಹೋಗಿ ಕಾಲುನೋವು ವಾಸಿಯಾದರೂ ತಿಂಗಳುಗಟ್ಟಲೆ ಬೆನ್ನು ಹಿಡಿದುಕೊಂಡು ಓಡಾಡುತ್ತಿದ್ದವರ ನೋವು ಇಲ್ಲಿಯದು. ಕಲೆ ಕಣ್ಣಿಗೆ ಕಾಣುತ್ತದೆ, ಅದರ ಕೆಳಗೆ ಸೊರಗಿದ ಸ್ನಾಯು ಕಾಣುವುದಿಲ್ಲ.

ಬೆಳಕು ಬಂದದ್ದು ಮೈಕ್ರೋಸ್ಕೋಪಿನಿಂದ. 1977ರಲ್ಲಿ ಇಬ್ಬರು, ಬೇರೆ ಬೇರೆಯಾಗಿ, ಡಿಸ್ಕನ್ನು ಆಪರೇಷನ್ ಮೈಕ್ರೋಸ್ಕೋಪಿನ ಕೆಳಗೆ ತೆಗೆಯುವ ಕ್ರಮ ಪ್ರಕಟಿಸಿದರು: ಜ್ಯೂರಿಕ್‌ನಲ್ಲಿದ್ದ ಟರ್ಕಿ ಮೂಲದ ಗಾಜಿ ಯಾಸರ್ಗಿಲ್, ಜರ್ಮನಿಯ ಹೊಂಬುರ್ಗ್‌ನ ವೋಲ್ಫ್‌ಹಾರ್ಡ್ ಕಾಸ್ಪರ್. ಮರುವರ್ಷ ಲಾಸ್ ವೇಗಸ್‌ನ ರಾಬರ್ಟ್ ವಿಲಿಯಮ್ಸ್ ತಮ್ಮ ಅನುಭವ ಬರೆದರು. ಬೆಳಕು ಸರ್ಜನ್ ನೋಡುವ ದಿಕ್ಕಿನಿಂದಲೇ ಆಳಕ್ಕೆ ಬೀಳತೊಡಗಿತು. ನರ ಹಲವು ಪಟ್ಟು ದೊಡ್ಡದಾಗಿ ಕಾಣಿಸಿತು. ಕೊಯ್ತ ಒಂದೇ ಏಟಿಗೆ ಒಂದು ಅಂಗುಲದ ಆಸುಪಾಸಿಗೆ ಇಳಿಯಿತು. ಸ್ನಾಯುವನ್ನು ನೋವಿರುವ ಒಂದು ಕಡೆ ಮಾತ್ರ ಬಿಡಿಸಿದರೆ ಸಾಕಾಯಿತು. 1980ರ ದಶಕದಲ್ಲಿ ಎಂ.ಆರ್.ಐ. ಬಂದು ಜಾಗದ ಅನುಮಾನವನ್ನೂ ತೀರಿಸಿತು.

ನಿಮ್ಮ ಡಾಕ್ಟರು ಹೇಳುತ್ತಿರುವ ಎರಡು ಸೆಂಟಿಮೀಟರ್ ತೂತಿನ ಆಪರೇಷನ್ನನ್ನು ಕೊಳವೆಯೊಂದರ ಮೂಲಕ ಮಾಡುತ್ತೇವೆ, ಅದು ಇದರ ಮುಂದಿನ ಹೆಜ್ಜೆ. ಅಮೆರಿಕದ ಮೆಂಫಿಸ್‌ನ ಕೆವಿನ್ ಫೋಲಿ ಮತ್ತು ಮಾರಿಸ್ ಸ್ಮಿತ್ 1997ರಲ್ಲಿ ಇದನ್ನು ವಿವರಿಸಿದರು. ಮೊದಲು ಸಣ್ಣ ಕಂಬಿ, ಅದರ ಮೇಲೆ ಒಂದು ಕೊಳವೆ, ಅದರ ಮೇಲೆ ಇನ್ನೊಂದು; ನಮ್ಮ ಮನೆಗಳಲ್ಲಿ ಚಟಾಕು ಪಾವಿನೊಳಗೆ, ಪಾವು ಸೇರಿನೊಳಗೆ ಕೂರುತ್ತಿತ್ತಲ್ಲ, ಹಾಗೆ. ಪ್ರತಿ ಕೊಳವೆಯೂ ಸ್ನಾಯುವಿನ ಎಳೆಗಳನ್ನು ಕತ್ತರಿಸದೆ ಸರಿಸುತ್ತ ಹೋಗುತ್ತದೆ. ಕೊನೆಗೆ 16 ಅಥವಾ 18 ಮಿಲಿಮೀಟರ್ ಅಗಲದ ಕೊಳವೆಯನ್ನು ಮೇಜಿಗೆ ಸಿಕ್ಕಿಸಿದ ಲೋಹದ ಕೈಗೆ ಬಿಗಿದು, ಒಳಗಿನವನ್ನು ಹೊರತೆಗೆಯುತ್ತೇವೆ. ಉಳಿಯುವುದು ಒಂದು ಗುಂಡನೆಯ ಕಿಂಡಿ. ಅದರ ತಳದಲ್ಲಿ ಮೂಳೆಯ ಅಂಚು, ಪಕ್ಕದಲ್ಲಿ ಹಳದಿ ಪೊರೆ. ಕೆರಿಸನ್ ಎಂಬ ಕಚ್ಚುವ ಸಲಕರಣೆಯಲ್ಲಿ ಪೊರೆಯನ್ನು ಚೂರು ಚೂರಾಗಿ ಬಿಡಿಸಿದರೆ ಕೆಳಗೆ ನರ ಕಾಣುತ್ತದೆ. ಒತ್ತಡ ಬಿದ್ದ ನರ ಕೆಂಪಗೆ, ಚಪ್ಪಟೆಯಾಗಿ, ಡಿಸ್ಕಿನ ಉಬ್ಬಿನ ಮೇಲೆ ಬಿಗಿದುಕೊಂಡಿರುತ್ತದೆ. ಅದನ್ನು ಮೆಲ್ಲಗೆ ಬದಿಗೆ ಸರಿಸಿ ಚೂರನ್ನು ಹಿಡಿದೆಳೆದಾಗ ನರ ಸಡಿಲವಾಗಿ ತನ್ನ ಜಾಗಕ್ಕೆ ಬರುವುದು ಕಣ್ಣೆದುರೇ ಕಾಣುತ್ತದೆ. ಎಷ್ಟು ವರ್ಷವಾದರೂ ನನಗೆ ಈ ಗಳಿಗೆ ಹಳೆಯದಾಗಿಲ್ಲ.

ಈಗ ಕೊಳವೆ ಮಾರುವವರಿಗೆ ಹಿಡಿಸದ ಒಂದು ಮಾತು. ನೆದರ್‌ಲೆಂಡ್ಸ್‌ನಲ್ಲಿ 328 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕೊಳವೆಯಲ್ಲಿ, ಇನ್ನೊಂದಕ್ಕೆ ಮಾಮೂಲಿ ಮೈಕ್ರೋಸ್ಕೋಪ್ ಪದ್ಧತಿಯಲ್ಲಿ ಆಪರೇಷನ್ ಮಾಡಿದರು. 2009ರಲ್ಲಿ ಬಂದ ಫಲಿತಾಂಶದಲ್ಲಿ ಕೊಳವೆ ಗೆಲ್ಲಲಿಲ್ಲ. ನೋವಿನ ಲೆಕ್ಕದಲ್ಲಿ ಕೂದಲೆಳೆಯಷ್ಟು ಹಿಂದೆಯೇ ಉಳಿಯಿತು. ನನ್ನ ಅಭಿಪ್ರಾಯ ಕೇಳಿದರೆ, ಗೇಣುದ್ದದಿಂದ ಅಂಗುಲಕ್ಕೆ ಇಳಿದ 1977ರ ಜಿಗಿತ ದೊಡ್ಡದು. ಅಂಗುಲದಿಂದ ಮುಕ್ಕಾಲು ಅಂಗುಲಕ್ಕೆ ಇಳಿದದ್ದು ಚಿಕ್ಕದು. ನಿಮ್ಮ ಸರ್ಜನ್‌ಗೆ ಯಾವ ಪದ್ಧತಿ ಕೈಗೆ ಒಗ್ಗಿದೆಯೋ ಅದರಲ್ಲೇ ಮಾಡಿಸಿಕೊಳ್ಳಿ.

ಮೂರು ವಾರ ಮಲಗಿಸಿದ್ದಕ್ಕೂ ಗಾಯದ ಉದ್ದಕ್ಕೂ ಅಷ್ಟೇನು ಸಂಬಂಧವಿಲ್ಲ ಎಂದು ತಂದೆಯವರಿಗೆ ಹೇಳಿ. ಬೆನ್ನಿಗೆ ಮಲಗುವುದೇ ಮದ್ದು ಎಂದು ಆಗ ಎಲ್ಲರೂ ನಂಬಿದ್ದರು. ಈಗ ದೊಡ್ಡ ಕೊಯ್ತವಾದರೂ ಸಂಜೆಗೋ ಮಾರನೇ ಬೆಳಿಗ್ಗೆಗೋ ಎಬ್ಬಿಸಿ ನಡೆಸುತ್ತೇವೆ.

ಪ್ರಶ್ನೆ: ಪರಂಗಿಹಣ್ಣಿನ ರಸದ ಇಂಜೆಕ್ಷನ್ ಕೊಟ್ಟರೆ ಡಿಸ್ಕ್ ಕರಗಿ ಹೋಗುತ್ತದೆಂದು ವಾಟ್ಸಾಪ್‌ನಲ್ಲಿ ಬಂದಿದೆ. ನಿಜವೇ? ನಮ್ಮ ತೋಟದಲ್ಲೇ ಪರಂಗಿ ಇದೆ, ತಿಂದರೆ ಸಾಲದೇ? (ಮಂಡ್ಯ)

ವಾಟ್ಸಾಪ್ ವೈದ್ಯಕ್ಕೆ ಅಪರೂಪಕ್ಕೊಮ್ಮೆ ಒಂದು ನಿಜದ ಬೇರು ಇರುತ್ತದೆ. ಇದಕ್ಕೆ ಇದೆ.

1956ರಲ್ಲಿ ಅಮೆರಿಕದ ವೈದ್ಯ ಲೂಯಿಸ್ ಥಾಮಸ್ ಬೇರೇನನ್ನೋ ಹುಡುಕುತ್ತ, ಪರಂಗಿಯ ಹಾಲಿನಿಂದ ಬರುವ ಪಪೇನ್ ಎಂಬ ಕಿಣ್ವವನ್ನು ಮೊಲಗಳ ರಕ್ತನಾಳಕ್ಕೆ ಕೊಟ್ಟರು. ನೆಟ್ಟಗಿದ್ದ ಮೊಲದ ಕಿವಿಗಳು ಕೆಲವೇ ಗಂಟೆಗಳಲ್ಲಿ ಜೋತುಬಿದ್ದವು, ಕೆಲವು ದಿನಗಳಲ್ಲಿ ಮತ್ತೆ ನೆಟ್ಟಗಾದವು. ಕಿವಿಯ ಮೆತ್ತೆಲುಬಿನಲ್ಲಿ ಬಿಗಿ ಕೊಡುವ ವಸ್ತುವನ್ನು ಕಿಣ್ವ ಕರಗಿಸಿತ್ತು. ಇಲಿನಾಯ್ ರಾಜ್ಯದ ಮೂಳೆ ವೈದ್ಯ ಲೈಮನ್ ಸ್ಮಿತ್‌ಗೆ ಹೊಳೆದದ್ದು ಇದು: ಡಿಸ್ಕಿನ ತಿರುಳಿನಲ್ಲೂ ಅದೇ ವಸ್ತು ಇದೆಯಲ್ಲ? ಪರಂಗಿಯದೇ ಇನ್ನೊಂದು ಕಿಣ್ವವಾದ ಕೈಮೋಪಪೇನನ್ನು ಸೂಜಿಯಲ್ಲಿ ನೇರ ಡಿಸ್ಕಿನೊಳಗೆ ಬಿಟ್ಟು, 1964ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೊಯ್ಯದೆ ಡಿಸ್ಕಿಗೆ ಚಿಕಿತ್ಸೆ ಕೊಡಬಹುದು ಎಂಬ ಇಡೀ ಯೋಚನೆಯ ಮೊದಲ ಗೆಲುವು ಇದು. ಚಾಕು ಇಲ್ಲ, ಕೊಳವೆ ಇಲ್ಲ, ಒಂದು ಸೂಜಿ ಅಷ್ಟೇ. ಅಮೆರಿಕದ ಔಷಧ ಇಲಾಖೆ 1982ರಲ್ಲಿ ಒಪ್ಪಿಗೆ ಕೊಟ್ಟಿತು.

ಆಮೇಲೆ ನಡೆದದ್ದು ಅಷ್ಟು ಚೆನ್ನಾಗಿಲ್ಲ. ಪರಂಗಿ ಒಗ್ಗದವರಿಗೆ ಮೇಜಿನ ಮೇಲೆಯೇ ರಕ್ತದೊತ್ತಡ ಕುಸಿದು ಜೀವಕ್ಕೆ ಬಂತು. ಸೂಜಿ ದಾರಿ ತಪ್ಪಿ ಮದ್ದು ನರಗಳ ಚೀಲಕ್ಕೆ ಹೋದ ಕೆಲವರಿಗೆ ಕಾಲುಗಳ ಸ್ವಾಧೀನ ಹೋಯಿತು. ಇಂಥವು ವಿರಳ, ಆದರೆ ಸಯಾಟಿಕಾದಿಂದ, ಅಂದರೆ ಸೊಂಟದಿಂದ ಕಾಲಿಗಿಳಿಯುವ ಈ ನೋವಿನಿಂದ, ಯಾರೂ ಸಾಯುವುದಿಲ್ಲವಲ್ಲ. ಅದರ ಮದ್ದಿನಿಂದ ಸಾಯಬಾರದು. 2003ರ ಹೊತ್ತಿಗೆ ಅಮೆರಿಕದಲ್ಲಿ ಮಾರಾಟವೇ ನಿಂತುಹೋಯಿತು. ಯೋಚನೆ ಮಾತ್ರ ಸತ್ತಿಲ್ಲ: ಬ್ಯಾಕ್ಟೀರಿಯಾದಿಂದ ತೆಗೆದ ಕಾಂಡೋಲಿಯೇಸ್ ಎಂಬ ಕಿಣ್ವಕ್ಕೆ 2018ರಲ್ಲಿ ಜಪಾನ್ ಒಪ್ಪಿಗೆ ನೀಡಿದೆ.

ತಿಂದ ಪರಂಗಿ ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ, ಡಿಸ್ಕಿನವರೆಗೆ ಹೋಗುವುದಿಲ್ಲ. ಮಲಬದ್ಧತೆಗೆ ಒಳ್ಳೆಯದು. ಸೊಂಟನೋವಿನವರು ಮುಕ್ಕಿ ತಿಣುಕಬಾರದು, ಅಷ್ಟರಮಟ್ಟಿಗೆ ನಿಮ್ಮ ತೋಟದ ಹಣ್ಣು ಡಿಸ್ಕಿಗೂ ಉಪಕಾರಿ.

ಪ್ರಶ್ನೆ: ‘ಲೇಸರ್ ಚಿಕಿತ್ಸೆ, ಕೊಯ್ತವಿಲ್ಲ, ರಕ್ತವಿಲ್ಲ, ಅದೇ ದಿನ ಮನೆಗೆ’ ಎಂಬ ಜಾಹೀರಾತು ನೋಡಿದೆ. ಮಾಮೂಲಿ ಆಪರೇಷನ್ನಿಗಿಂತ ದುಬಾರಿ. ಲೇಸರ್ ಅಂದಮೇಲೆ ಒಳ್ಳೆಯದೇ ಅಲ್ಲವೇ? (ದಾವಣಗೆರೆ)

ಲೇಸರ್ ಎನ್ನುವ ಹೆಸರಿಗೆ ಒಂದು ಹೊಳಪಿದೆ, ಜಾಹೀರಾತಿಗೆ ಅದು ಸಾಕು. ಅದು ನಿಜವಾಗಿ ಏನು ಮಾಡುತ್ತದೆಂದು ತಿಳಿದುಕೊಳ್ಳಿ.

1975ರಲ್ಲಿ ಜಪಾನಿನ ಹಿಜಿಕಾಟ, ಬದಿಯಿಂದ ಸಣ್ಣ ಕೊಳವೆ ಹಾಕಿ ಡಿಸ್ಕಿನ ನಡುವಿನಿಂದ ಸ್ವಲ್ಪ ತಿರುಳು ತೆಗೆದರು. ನಡುವಿನಲ್ಲಿ ಖಾಲಿಯಾದರೆ ಒಳಗಿನ ಒತ್ತಡ ಇಳಿದು, ಹೊರಗಿನ ಉಬ್ಬು ತಾನಾಗಿ ಹಿಂದೆ ಸರಿಯುತ್ತದೆ ಎನ್ನುವುದು ಲೆಕ್ಕಾಚಾರ. 1980ರ ದಶಕದಲ್ಲಿ ಗ್ಯಾರಿ ಆನಿಕ್ ಅದೇ ಕೆಲಸಕ್ಕೆ, ಕತ್ತರಿಸುತ್ತಲೇ ಹೀರಿಕೊಳ್ಳುವ ಯಂತ್ರ ತಂದರು. 1986ರಲ್ಲಿ ಆಸ್ಟ್ರಿಯಾದ ಗ್ರಾಜ್‌ನಲ್ಲಿ ಡೇನಿಯಲ್ ಚಾಯ್ ಮತ್ತು ಪೀಟರ್ ಆಷರ್ ಲೇಸರಿನಿಂದ ತಿರುಳನ್ನು ಆವಿ ಮಾಡಿದರು. ಸಲಕರಣೆ ಬದಲಾಯಿತು, ಲೆಕ್ಕಾಚಾರ ಅದೇ.

ಪದರ ಹರಿಯದೆ ಬರೀ ಉಬ್ಬಿದ ಡಿಸ್ಕಾದರೆ ಈ ಲೆಕ್ಕ ಕೆಲವರಲ್ಲಿ ಸರಿಹೋಗಬಹುದು. ಆದರೆ ತುಂಡಾಗಿ ಹೊರಬಿದ್ದ ಚೂರು ನರದ ಮೇಲೆ ಕೂತಿರುವಾಗ ಡಿಸ್ಕಿನ ಹೊಟ್ಟೆಯಲ್ಲಿ ಲೇಸರ್ ಹೊಡೆದು ಏನು ಬಂತು? ಇನ್ನು ಬರೀ ಉಬ್ಬಿದ ಡಿಸ್ಕಿನ ನೋವು ಬಹುಪಾಲು ತಾನೇ ಇಳಿಯುವ ಜಾತಿಯದು. ಹಾಗಾಗಿ ಲೇಸರಿಗೆ ಹೇಳಿ ಮಾಡಿಸಿದ ರೋಗಿ ಎಂದರೆ ಅನೇಕ ಸಲ ಏನೂ ಮಾಡದಿದ್ದರೂ ವಾಸಿಯಾಗುವ ರೋಗಿ. ದುಡ್ಡು ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: ‘ನನ್ನ ಚೂರು ಡಿಸ್ಕಿನ ಒಳಗಿದೆಯೋ, ಹೊರಗೆ ಬಿದ್ದಿದೆಯೋ? ಹೊರಗಿದ್ದರೆ ಲೇಸರ್ ಅದನ್ನು ಹೇಗೆ ತೆಗೆಯುತ್ತದೆ?’ ಉತ್ತರ ತಡವರಿಸಿದರೆ ಎದ್ದು ಬನ್ನಿ.

ಪ್ರಶ್ನೆ: ನನಗೆ ಎಂಡೋಸ್ಕೋಪಿ ಆಪರೇಷನ್ ನಿಗದಿಯಾಗಿದೆ. ಪೂರ್ತಿ ಮಂಪರು ಕೊಡುವುದಿಲ್ಲ, ಎಚ್ಚರವಿದ್ದಾಗಲೇ ಮಾಡುತ್ತೇವೆ ಅನ್ನುತ್ತಾರೆ. ಭಯವಾಗಿದೆ ಸರ್. ಖರ್ಚು ಉಳಿಸಲು ಹೀಗೆ ಮಾಡುತ್ತಾರಾ? (ಹುಬ್ಬಳ್ಳಿ)

ಇಲ್ಲ ತಾಯಿ, ನಿಮ್ಮ ಕ್ಷೇಮಕ್ಕೇ. ಎಂಡೋಸ್ಕೋಪಿ ಎಂದರೆ ಕ್ಯಾಮೆರಾ ಇರುವ ತೆಳು ಕೊಳವೆಯನ್ನು ಒಳಗೆ ಬಿಟ್ಟು, ಪರದೆಯಲ್ಲಿ ನೋಡುತ್ತ ಮಾಡುವ ಆಪರೇಷನ್. ಅದರಲ್ಲಿ ಬದಿಯಿಂದ ಹೋಗುವ ಬಗೆಯಲ್ಲಿ ನೀವೇ ನಮ್ಮ ಅಪಾಯದ ಗಂಟೆ.

ಡಿಸ್ಕಿನ ಹಿಂಬದಿ ಮೂಲೆಯಲ್ಲಿ ಒಂದು ಚಿಕ್ಕ ತ್ರಿಕೋನದ ಜಾಗವಿದೆ. ಅದರ ಓರೆ ಅಂಚು ಹೊರಬರುವ ನರ, ತಳ ಕೆಳಗಿನ ಮೂಳೆಯ ಮೇಲಂಚು, ಇನ್ನೊಂದು ಬದಿಗೆ ಮೂಳೆಗಳ ಕೀಲು. ಫಿಲಡೆಲ್ಫಿಯಾದ ಪರ್ವೀಜ್ ಕಾಂಬಿನ್ 1970ರ ದಶಕದಿಂದ ವರ್ಷಾನುಗಟ್ಟಲೆ ಇದರಲ್ಲೇ ತೊಡಗಿ, ಇಲ್ಲಿಂದ ನುಸುಳಿದರೆ ನರಕ್ಕೆ ತಾಗದೆ ಡಿಸ್ಕಿಗೆ ತಲುಪಬಹುದೆಂದು ತೋರಿಸಿದರು. ಇಂದಿಗೂ ಅದನ್ನು ಕಾಂಬಿನ್ ತ್ರಿಕೋನ ಎಂದೇ ಕರೆಯುತ್ತೇವೆ. ಅರಿಜೋನಾದ ಆಂಥನಿ ಯಂಗ್, ಜರ್ಮನಿಯ ಥಾಮಸ್ ಹೂಗ್ಲಂಡ್ ಮುಂತಾದವರು ಇದೇ ದಾರಿಗೆ ತಕ್ಕ ಎಂಡೋಸ್ಕೋಪುಗಳನ್ನು, ದಾರಿ ಅಗಲಿಸುವ ಉಪಾಯಗಳನ್ನು ರೂಪಿಸಿದರು. ತ್ರಿಕೋನ ಎಲ್ಲರಲ್ಲೂ ಒಂದೇ ಅಳತೆಯದಲ್ಲ. ಸಲಕರಣೆ ನರಕ್ಕೆ ಸ್ವಲ್ಪ ಸೋಕಿದರೂ ಎಚ್ಚರವಿರುವವರು ‘ಅಯ್ಯೋ, ಕಾಲಿಗೆ ಹೊಡೀತು’ ಎಂದು ಕೂಗುತ್ತಾರೆ. ನಾವು ಅಲ್ಲೇ ನಿಲ್ಲಿಸಿ ದಿಕ್ಕು ಬದಲಿಸುತ್ತೇವೆ. ಪೂರ್ತಿ ಮಂಪರಿನಲ್ಲಿದ್ದವರು ಕೂಗುವುದಿಲ್ಲ.

ಅಲ್ಲಿ ಏನಾಗುತ್ತದೆಂದು ಮೊದಲೇ ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ. ಮಕಾಡೆ ಅಥವಾ ಮಗ್ಗುಲಾಗಿ ಮಲಗಿಸುತ್ತಾರೆ. ಸೊಂಟದ ನಡುಗೆರೆಯಿಂದ ಸುಮಾರು ಒಂದು ಗೇಣಿನೊಳಗೆ, ಪಕ್ಕೆಯ ಕಡೆಗೆ, ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ, ಅದು ಉರಿಯುತ್ತದೆ. ಜೊತೆಗೆ ಕೈಯ ರಕ್ತನಾಳಕ್ಕೆ ಸ್ವಲ್ಪ ನಿದ್ದೆಯ ಮದ್ದು. ಎಂಟು ಮಿಲಿಮೀಟರಿನಷ್ಟು ತೂತು. ಒಳಗೆ ಸಲೈನ್ ನೀರು ಒಂದೇ ಸಮನೆ ಹರಿಯುತ್ತಿರುತ್ತದೆ, ಅದು ಬಕೆಟ್ಟಿಗೆ ಬೀಳುವ ಸದ್ದು ಕೇಳುತ್ತದೆ. ಮೂಳೆ ಕೊರೆಯುವಾಗ ಗರಗರ ಎನ್ನುವುದು ಮೈಯೊಳಗಿಂದಲೇ ಬಂದಂತಿರುತ್ತದೆ. ಡಿಸ್ಕನ್ನು ಹಿಡಿದೆಳೆಯುವಾಗ ಸೊಂಟದಲ್ಲಿ ಒತ್ತಿದಂತಾಗುತ್ತದೆ. ‘ಕಾಲಿನ ಹೆಬ್ಬೆಟ್ಟು ಮೇಲೆತ್ತಿ’ ಎಂದು ಆಗಾಗ ಕೇಳುತ್ತಾರೆ, ಎತ್ತಿ. ನೋವಾದರೆ ತಡೆದುಕೊಳ್ಳುವ ಶೌರ್ಯ ಬೇಡ, ಬಾಯಿಬಿಟ್ಟು ಹೇಳಿ.

ಎಲ್ಲ ಎಂಡೋಸ್ಕೋಪಿಯೂ ಹೀಗಲ್ಲ. ಕೊನೆಯ ಡಿಸ್ಕ್ ಆದ ಎಲ್5–ಎಸ್1ಗೆ ಬದಿಯಿಂದ ಹೋಗಲು ಎಷ್ಟೋ ಜನರಲ್ಲಿ ಸೊಂಟದ ಮೂಳೆ ಅಡ್ಡ ಬರುತ್ತದೆ. ಆಗ ಹಿಂದಿನಿಂದ, ಜರ್ಮನಿಯ ಸೆಬಾಸ್ಟಿಯನ್ ರೂಟನ್ ಬೆಳೆಸಿದ ದಾರಿಯಲ್ಲಿ, ಹೆಚ್ಚಾಗಿ ಪೂರ್ತಿ ಮಂಪರು ಕೊಟ್ಟೇ ಹೋಗುತ್ತಾರೆ. ಕೊರಿಯಾದವರು ಕ್ಯಾಮೆರಾಗೊಂದು, ಸಲಕರಣೆಗೊಂದು ಎಂದು ಎರಡು ತೂತಿನ ಪದ್ಧತಿಯನ್ನು ಪಳಗಿಸಿ ಜನಪ್ರಿಯ ಮಾಡಿದ್ದಾರೆ. ನಮ್ಮ ದೇಶದಲ್ಲಿ ಅನೇಕ ಸರ್ಜನ್‌ಗಳು ಕೈ ಪಳಗಿಸಿಕೊಂಡದ್ದು ಫ್ರಾನ್ಸಿನ ಬೋರ್ಡೋ ನಗರದ ಜ್ಯಾಂ ಡೆಸ್ಟಾಂಡೋ 1990ರ ದಶಕದಲ್ಲಿ ಮಾಡಿದ ಸಲಕರಣೆಯ ಮೇಲೆ.

ಬದಿಯಿಂದ ಹೋಗುವ ಎಂಡೋಸ್ಕೋಪಿಯನ್ನು ಮೈಕ್ರೋಸ್ಕೋಪ್ ಪದ್ಧತಿಯೊಂದಿಗೆ ಹೋಲಿಸಿದ ಡಚ್ಚರ ದೊಡ್ಡ ಅಧ್ಯಯನ 2022ರಲ್ಲಿ ಬಂತು. ವರ್ಷದ ಕೊನೆಗೆ ಕಾಲುನೋವಿನಲ್ಲಿ ಎಂಡೋಸ್ಕೋಪಿ ಹಿಂದೆ ಬೀಳಲಿಲ್ಲ. ಒಳ್ಳೆಯ ಸುದ್ದಿಯೇ. ಆದರೆ ಇದನ್ನು ಕಲಿಯುವುದು ನಿಧಾನ, ಮತ್ತು ಕಲಿಯುವವರ ಮೊದಲ ರೋಗಿಗಳಲ್ಲಿ ಒಬ್ಬರಾಗುವುದು ಒಳ್ಳೆಯದಲ್ಲ. ‘ನೀವು ಇಂಥವು ಎಷ್ಟು ಮಾಡಿದ್ದೀರಿ, ಮಧ್ಯದಲ್ಲಿ ಆಗದಿದ್ದರೆ ಏನು ಮಾಡುತ್ತೀರಿ’ ಎಂದು ಕೇಳಲು ಸಂಕೋಚ ಬೇಡ. ಒಳ್ಳೆಯ ಸರ್ಜನ್‌ಗೆ ಇದರಿಂದ ಸಿಟ್ಟು ಬರುವುದಿಲ್ಲ.

ಪ್ರಶ್ನೆ: ವಯಸ್ಸು 34, ಸಾಫ್ಟ್‌ವೇರ್ ಕೆಲಸ. ಕಾಲುನೋವಿಲ್ಲ, ಆಗಾಗ ಸೊಂಟ ಹಿಡಿಯುತ್ತದೆ. ಎಂ.ಆರ್.ಐ.ನಲ್ಲಿ ‘ಎಲ್4–ಎಲ್5 ಡಿಸ್ಕ್ ಬಲ್ಜ್’ ಎಂದು ಬಂದಿದೆ. ದೊಡ್ಡದಾಗುವ ಮೊದಲೇ ಕೀಹೋಲ್‌ನಲ್ಲಿ ತೆಗೆಸಿಬಿಡಲೇ? (ಬೆಂಗಳೂರು)

ಬೇಡ.

ತೂತು ಸಣ್ಣದಾದಷ್ಟೂ ಆಪರೇಷನ್ ಮಾಡಿಸುವ, ಮಾಡುವ ಆಸೆ ದೊಡ್ಡದಾಗುತ್ತಿದೆ. ನನಗೆ ಈ ಬೆಳವಣಿಗೆಯಲ್ಲಿ ಕಾಣುವ ದೊಡ್ಡ ಅಪಾಯ ಇದೇ. ಬೆನ್ನುನೋವೇ ಇಲ್ಲದವರನ್ನು ಸ್ಕ್ಯಾನ್ ಮಾಡಿದ ಅಧ್ಯಯನಗಳನ್ನೆಲ್ಲ 2015ರಲ್ಲಿ ಒಟ್ಟುಗೂಡಿಸಿ ನೋಡಿದರು. ಮೂವತ್ತರ ವಯಸ್ಸಿನವರಲ್ಲಿ ನೂರಕ್ಕೆ 40 ಜನರಿಗೆ ಡಿಸ್ಕ್ ಉಬ್ಬಿತ್ತು, ಎಂಬತ್ತರವರಲ್ಲಿ 84 ಜನರಿಗೆ. ಇವರಾರಿಗೂ ನೋವಿಲ್ಲ ಎಂಬುದು ನೆನಪಿರಲಿ. ನಿಮ್ಮ ರಿಪೋರ್ಟಿನ ಸಾಲು ಕಾಯಿಲೆಯಲ್ಲ, ವಯಸ್ಸು. ಕಾಲುನೋವಿಲ್ಲದೆ ಬರೀ ಸೊಂಟನೋವಿಗೆ ಡಿಸ್ಕ್ ತೆಗೆದರೆ ಸೊಂಟನೋವು ಹೋಗುತ್ತದೆಂಬ ಭರವಸೆಯನ್ನು ಯಾವ ಕೊಳವೆಯೂ ಕೊಡದು.

ನಿಜವಾದ ಸಯಾಟಿಕಾ ಇದ್ದವರಿಗೂ ಕಾಯುವ ಅವಕಾಶವಿದೆ. ನೆದರ್‌ಲೆಂಡ್ಸ್‌ನಲ್ಲೇ, ಆರರಿಂದ ಹನ್ನೆರಡು ವಾರ ತೀವ್ರ ಕಾಲುನೋವಿದ್ದ 283 ಜನರಲ್ಲಿ ಅರ್ಧದಷ್ಟು ಮಂದಿಗೆ ಬೇಗ ಆಪರೇಷನ್ ಮಾಡಿ, ಉಳಿದವರನ್ನು ಕಾಯಿಸಿದರು. ಕಾದವರಲ್ಲಿ ನೂರಕ್ಕೆ 39 ಮಂದಿ ಕೊನೆಗೆ ಆಪರೇಷನ್ ಮಾಡಿಸಿಕೊಂಡರು, ಮಿಕ್ಕವರಿಗೆ ಬೇಕಾಗಲೇ ಇಲ್ಲ. ಬೇಗ ಮಾಡಿಸಿಕೊಂಡವರ ನೋವು ಬೇಗ ಹೋಯಿತು, ಆದರೆ ವರ್ಷ ತುಂಬುವಾಗ ಎರಡೂ ಗುಂಪಿನಲ್ಲಿ ನೂರಕ್ಕೆ 95 ಮಂದಿ ಚೇತರಿಸಿಕೊಂಡಿದ್ದರು. 2007ರ ಈ ಫಲಿತಾಂಶವನ್ನು ನಾನು ರೋಗಿಗಳಿಗೆ ಹಾಗೇ ಹೇಳಿಬಿಡುತ್ತೇನೆ. ರಜೆ ಇರುವವರು ಕಾಯುತ್ತಾರೆ, ದಿನಗೂಲಿಯವರು ಎಷ್ಟೋ ಸಲ ಬೇಗ ಮಾಡಿ ಅನ್ನುತ್ತಾರೆ. ಎರಡೂ ಸರಿಯೇ.

ಕಾಯಬಾರದ್ದು ಒಂದಿದೆ. ಮೂತ್ರ ಕಟ್ಟುವುದು ಅಥವಾ ಅರಿವಿಲ್ಲದೆ ಹೋಗುವುದು, ಮಲದ್ವಾರದ ಸುತ್ತ, ತೊಡೆಸಂದಿಯಲ್ಲಿ ಜೋಮು ಹಿಡಿದು ಸ್ಪರ್ಶ ಗೊತ್ತಾಗದಿರುವುದು, ಎರಡೂ ಕಾಲಿನ ಬಲ ಕುಗ್ಗುವುದು – ಇದು ನರಗಳ ಇಡೀ ಗೊಂಚಲೇ ಒತ್ತಿಹೋಗಿರುವ ಸೂಚನೆ. ರಾತ್ರಿಯಾದರೂ ಸರಿ, ಆಗಲೇ ಆಸ್ಪತ್ರೆಗೆ ಹೊರಡಿ. ಅಲ್ಲಿ ಉದ್ದ ಕೊಯ್ತವೋ ಸಣ್ಣ ತೂತೋ ಎಂದು ಚರ್ಚೆ ಮಾಡಬೇಡಿ, ಮೊದಲು ಸಿಕ್ಕ ಸ್ಪೈನ್ ಸರ್ಜನ್ ಹೇಗೆ ಮಾಡುತ್ತಾರೋ ಹಾಗೆ ಮಾಡಲಿ.

ಪ್ರಶ್ನೆ: ಬಚ್ಚಲಲ್ಲಿ ಜಾರಿ ಬಿದ್ದ ಅತ್ತೆಯವರ ಬೆನ್ನುಮೂಳೆ ಕುಸಿದಿದೆ. ವಯಸ್ಸು 76. ಸೂಜಿಯಲ್ಲಿ ಸಿಮೆಂಟ್ ತುಂಬುತ್ತೇವೆ ಅನ್ನುತ್ತಿದ್ದಾರೆ. ಮನೆ ಕಟ್ಟುವ ಸಿಮೆಂಟೇ? (ಶಿರಸಿ)

ಅಲ್ಲ, ಮಂಡಿ–ಸೊಂಟದ ಕೀಲು ಬದಲಿಸುವಾಗ ಹಾಕುವ ಅಕ್ರಿಲಿಕ್ ಅಂಟು. 1984ರಲ್ಲಿ ಫ್ರಾನ್ಸಿನ ಅಮಿಯಾಂ ನಗರದಲ್ಲಿ ಗಾಲಿಬೇರ್ ಮತ್ತು ಡೆರಾಮೋಂ ಎಂಬ ವೈದ್ಯರು, ರಕ್ತನಾಳದ ಗಂಟಿನಿಂದ ಟೊಳ್ಳಾಗಿದ್ದ ಕತ್ತಿನ ಮೂಳೆಯೊಂದಕ್ಕೆ ಇದನ್ನು ಮೊದಲು ತುಂಬಿದರು. ಅಲ್ಲಿಂದ ಅದು ಮುದಿತನದ ಮೂಳೆ ಕುಸಿತಕ್ಕೆ ಹಬ್ಬಿತು, ಬಹಳ ಬೇಗ, ಸಾಕ್ಷಿ ಸಿಗುವ ಮೊದಲೇ. 2009ರಲ್ಲಿ ಎರಡು ಅಧ್ಯಯನಗಳು ಸಿಮೆಂಟ್ ಹಾಕಿದವರನ್ನು, ಹಾಕಿದಂತೆ ನಟಿಸಿದ ಚಿಕಿತ್ಸೆಯವರ ಜೊತೆ ಹೋಲಿಸಿದಾಗ ನೋವು ಇಳಿದದ್ದರಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ನಮ್ಮಲ್ಲಿ ದೊಡ್ಡ ಗಲಾಟೆಯಾಯಿತು. 2016ರಲ್ಲಿ ಆಸ್ಟ್ರೇಲಿಯಾದ ಅಧ್ಯಯನವೊಂದು ಆರು ವಾರದೊಳಗಿನ, ತೀರಾ ನೋವಿರುವ ಕುಸಿತಗಳಲ್ಲಿ ಪ್ರಯೋಜನ ಕಂಡಿತು.

ನಾನಾದರೆ ಕೆಲವು ವಾರ ನೋವಿನ ಮಾತ್ರೆ, ಬೆಲ್ಟು, ನಿಧಾನದ ಓಡಾಟ ಕೊಟ್ಟು ನೋಡುತ್ತೇನೆ. ಹಾಸಿಗೆಯಿಂದ ಏಳಲೂ ಆಗದಷ್ಟು ನೋವು ಉಳಿದರೆ ಮಾತ್ರ ಸಿಮೆಂಟ್. ಅದಕ್ಕಿಂತ ಮುಖ್ಯ, ಮೂಳೆ ಸವೆತಕ್ಕೆ ಮದ್ದು ಶುರು ಮಾಡಿಸಿ. ಇಲ್ಲದಿದ್ದರೆ ಪಕ್ಕದ ಮೂಳೆ ಕುಸಿಯುವುದನ್ನು ಸಿಮೆಂಟ್ ತಡೆಯುವುದಿಲ್ಲ. ಬಚ್ಚಲಿಗೆ ಹಿಡಿಕೆ ಹಾಕಿಸಿ.

ಪ್ರಶ್ನೆ: ನಾನು ಓಟಿ ಟೆಕ್ನಿಷಿಯನ್. ಈಗೀಗ ಬೆನ್ನುಮೂಳೆಯ ಸ್ಕ್ರೂಗಳನ್ನೂ ಸಣ್ಣ ತೂತಿನಲ್ಲೇ ಹಾಕುತ್ತಾರೆ, ಸಿ-ಆರ್ಮ್ (ಆಪರೇಷನ್ ಥಿಯೇಟರಿನ ಎಕ್ಸ್-ರೇ ಯಂತ್ರ) ಮಾತ್ರ ಬಿಡುವಿಲ್ಲದೆ ಓಡುತ್ತದೆ. ನಮಗೆ ಅಪಾಯವೇ? (ಕಲಬುರಗಿ)

ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ನಮಸ್ಕಾರ. ಸಣ್ಣ ತೂತಿನ ಬೆಲೆಯನ್ನು ಯಾರೋ ಒಬ್ಬರು ತೆರಲೇಬೇಕು, ಎಷ್ಟೋ ಸಲ ಅದು ಓಟಿಯಲ್ಲಿ ನಿಂತವರು. ಬಿಚ್ಚಿ ಮಾಡುವಾಗ ಮೂಳೆ ಕಣ್ಣಿಗೆ ಕಾಣುತ್ತದೆ. 2001ರ ಸುಮಾರಿಗೆ ಬಂದ, ಚರ್ಮದ ಮೇಲಿನಿಂದಲೇ ಸ್ಕ್ರೂ–ಸರಳು ಕೂರಿಸುವ ಪದ್ಧತಿಗಳಲ್ಲಿ ಕಣ್ಣಿನ ಕೆಲಸವನ್ನು ಎಕ್ಸ್-ರೇ ಮಾಡುತ್ತದೆ.

ಸೀಸದ ಏಪ್ರನ್ ಭಾರ, ಸೆಕೆ ಎಂದು ಬಿಡಬೇಡಿ. ಕತ್ತಿಗೆ ಥೈರಾಯ್ಡ್ ಪಟ್ಟಿಯೂ ಇರಲಿ. ಏಪ್ರನ್ ಮಡಚಿಟ್ಟರೆ ಒಳಗೆ ಸೀಸ ಬಿರುಕು ಬಿಡುತ್ತದೆ, ತೂಗುಹಾಕಿ. ಎಕ್ಸ್-ರೇ ಟ್ಯೂಬ್ ಇರುವ ಕಡೆ ನಿಲ್ಲಬೇಡಿ, ಎದುರು ಬದಿಗೆ ನಿಲ್ಲಿ; ರೋಗಿಯ ಮೈಗೆ ಬಡಿದು ಚದುರುವ ಕಿರಣ ಟ್ಯೂಬಿನ ಕಡೆಗೇ ಹೆಚ್ಚು. ಎರಡು ಹೆಜ್ಜೆ ಹಿಂದೆ ಸರಿದರೂ ಬಹಳ ಕಡಿಮೆಯಾಗುತ್ತದೆ. ಪೆಡಲ್ ಒತ್ತುವವರು ಬಿಟ್ಟುಬಿಟ್ಟು ಒತ್ತಲಿ. ಎದೆಗೆ ಸಿಕ್ಕಿಸುವ ಡೋಸ್ ಬ್ಯಾಡ್ಜನ್ನು ಆಸ್ಪತ್ರೆ ಕೊಡಬೇಕು, ಕೊಟ್ಟಿಲ್ಲದಿದ್ದರೆ ಬರೆದು ಕೇಳಿ. ಬಾಯಿಮಾತಿನಲ್ಲಿ ಕೇಳಿದ್ದು ಯಾರಿಗೂ ನೆನಪಿರುವುದಿಲ್ಲ.

ಪ್ರಶ್ನೆ: ಅಡಿಕೆ ಕೊನೆ ತೆಗೆಯುವುದು ನನ್ನ ಕಸುಬು. ಎಂಡೋಸ್ಕೋಪಿಯಲ್ಲಿ ಡಿಸ್ಕ್ ತೆಗೆಸಿ ಮೂರು ವಾರವಾಯಿತು, ನೋವೇ ಇಲ್ಲ. ಮರ ಹತ್ತಬಹುದೇ? (ತೀರ್ಥಹಳ್ಳಿ)

ಈಗಲೇ ಬೇಡ. ಹೊರಗಿನ ತೂತು ಹತ್ತು ದಿನದಲ್ಲಿ ಮಾಯುತ್ತದೆ. ಡಿಸ್ಕಿನ ಪದರದಲ್ಲಿ ಆದ ಹರಕು ಹೇಗೆ ಆಪರೇಷನ್ ಮಾಡಿದರೂ ಒಂದೇ ರೀತಿ, ನಿಧಾನವಾಗಿ ಗಟ್ಟಿಯಾಗುತ್ತದೆ. ಉಳಿದ ತಿರುಳು ಅದೇ ಹರಕಿನಿಂದ ಮತ್ತೆ ಹೊರಬರುವುದು ನೂರರಲ್ಲಿ ಐದರಿಂದ ಹತ್ತು ಜನರಿಗೆ ಇದ್ದದ್ದೇ. ನೋವಿಲ್ಲದ ಕಾರಣಕ್ಕೇ ಸಣ್ಣ ತೂತಿನವರು ಬೇಗ ಭಾರ ಎತ್ತುತ್ತಾರೆ, ನಾವು ಬೈಯುವುದೂ ಅವರಿಗೇ ಹೆಚ್ಚು.

ಆರು ವಾರ ನಡೆಯಿರಿ, ದಿನಕ್ಕಿಷ್ಟು ಎಂದು ಹೆಚ್ಚಿಸಿ. ಆಮೇಲೆ ಫಿಸಿಯೋಥೆರಪಿಯವರ ಹತ್ತಿರ ಬೆನ್ನು–ಹೊಟ್ಟೆಯ ಸ್ನಾಯುಗಳಿಗೆ ವ್ಯಾಯಾಮ ಕಲಿಯಿರಿ. ಮೂರು ತಿಂಗಳ ಹೊತ್ತಿಗೆ ನಿಮ್ಮ ಸರ್ಜನ್‌ಗೆ ಕಾಲಿನ ಬಲ ತೋರಿಸಿ, ಅವರು ಒಪ್ಪಿದರೆ ಹತ್ತಿ. ಮರ ಹತ್ತುವುದಕ್ಕಿಂತ ಮೇಲಿನಿಂದ ಬಾಗಿ ಪಕ್ಕದ ಮರ ಹಿಡಿಯುವುದು, ಕೆಳಗೆ ಗೊನೆ ಹೊರುವುದು ಬೆನ್ನಿಗೆ ಹೆಚ್ಚು ಕಷ್ಟ. ಈ ಹಂಗಾಮಿಗೆ ಆ ಎರಡನ್ನು ಜೊತೆಯವರಿಗೆ ಬಿಡಿ. ಬೀಡಿ ಸೇದುತ್ತಿದ್ದರೆ ನಿಲ್ಲಿಸಿ, ಸೇದುವವರ ಡಿಸ್ಕ್ ಮಾಯುವುದು ತಡ. ಉದ್ದದ ದೋಟಿಯಲ್ಲಿ ನೆಲದ ಮೇಲೆ ನಿಂತೇ ಕೊನೆ ತೆಗೆಯುವವರು ನಿಮ್ಮ ಕಡೆ ಈಗ ಬಹಳ ಇದ್ದಾರೆ. ಅದನ್ನು ಕಲಿಯಲು ಈ ಮೂರು ತಿಂಗಳು ಸಾಕು. ಆದರೆ ಆ ದೋಟಿಯೂ ಭಾರವೇ, ಕತ್ತು ಮೇಲೆತ್ತಿಯೇ ಕೆಲಸ ಮಾಡಬೇಕು. ಕತ್ತು ನೋವು ಬಂದರೆ ಮತ್ತೆ ಬರೆಯಿರಿ.